ಎಡಗೈ ಎತ್ತಿದರೆ ಸಾಕು

ಹಲ್ಲಿನ ಡಾಕ್ಟರು ತಮ್ಮ ಕುರ್ಚಿಯಲ್ಲಿ ಕೂತವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು. "ಬಾಯಿ ತುಂಬ ನನ್ನ ಕೈಯಿರತ್ತೆ, ನಿಮಗೆ ಮಾತಾಡೋಕೆ ಆಗಲ್ಲ. ನೋವಾದ್ರೆ ಎಡಗೈ ಎತ್ತಿ, ಸಾಕು. ನಿಲ್ಲಿಸ್ತೀನಿ."

ಹೇಳುವವರು ಡಾಕ್ಟರು, ನೋಡುವವಳು ಅವರ ಹೆಂಡತಿ. ಬಾಯೊಳಗೆ ಕಣ್ಣು ನೆಟ್ಟವರಿಗೆ ಕುರ್ಚಿಯ ತೋಳಿನ ಮೇಲಿರುವ ಕೈ ಎಲ್ಲಿ ಕಾಣಬೇಕು? ಆಕೆ ಪಕ್ಕದಲ್ಲಿ ಸ್ಟೀಲ್ ಟ್ರೇ ಹಿಡಿದು ನಿಂತಿರುತ್ತಿದ್ದಳು. ಎಡಗೈ ಒಂದಿಷ್ಟು ಎದ್ದರೂ ಹಲ್ಲು ನೋಡುವ ಪುಟ್ಟ ಬಾಯಿಗನ್ನಡಿಯ ಹಿಡಿಯಿಂದ ಟ್ರೇಯ ಅಂಚಿಗೆ ಟಿಣ್ ಟಿಣ್ ಎಂದು ಬಡಿಯುತ್ತಿದ್ದಳು. ಕೂಗಿ ಹೇಳಿದರೆ ಕೂತವರು ಬೆದರುತ್ತಾರೆಂದು ಗಂಡ ಹೆಂಡತಿ ಮದುವೆಯಾದ ಹೊಸದರಲ್ಲೇ ಮಾಡಿಕೊಂಡಿದ್ದ ಒಪ್ಪಂದ ಅದು. ಸದ್ದು ಕೇಳಿದ್ದೇ ತಡ, ಡಾಕ್ಟರ ಕೈ ಬಾಯಿಂದ ಹೊರಬಂದು ಗಾಳಿಯಲ್ಲಿ ನಿಲ್ಲುತ್ತಿತ್ತು. ಅದು ಯೋಚಿಸಿ ನಿಲ್ಲುವ ಕೈ ಅಲ್ಲ. ಬಿಸಿ ಪಾತ್ರೆ ಮುಟ್ಟಿದ ಬೆರಳು ಹಿಂದೆ ಬರುತ್ತದಲ್ಲ, ಹಾಗೆ. ಊರಿನವರು ಆಕೆಯನ್ನು ಡಾಕ್ಟರಮ್ಮ ಎಂದೇ ಕರೆಯುತ್ತಿದ್ದರು. ಓದಿದ್ದು ಅಷ್ಟಕ್ಕಷ್ಟೆ. ಆದರೆ ಆ ಕುರ್ಚಿಯಲ್ಲಿ ನೋವು ಯಾವಾಗ ಶುರುವಾಗುತ್ತದೆಂದು ಅವಳಿಗೆ ಕೂತವರಿಗಿಂತ ಒಂದು ಗಳಿಗೆ ಮೊದಲೇ ತಿಳಿಯುತ್ತಿತ್ತು. ಆ ಕೆಲಸದಲ್ಲಿ ಅವಳು ತಡಮಾಡಿದ್ದೇ ಇಲ್ಲ.

ಮಗ ಚಿಕ್ಕವನಿದ್ದಾಗ ಮನೆಯಲ್ಲಿ ಇದೇ ಒಂದು ಆಟವಾಗಿತ್ತು. ಊಟದ ಮಧ್ಯೆ ಅವನು ಚಮಚದಿಂದ ತಟ್ಟೆ ಬಡಿದರೆ ಅಪ್ಪನ ತುತ್ತು ಬಾಯಿಯ ಹತ್ತಿರ ಹೋಗಿ ನಿಂತುಬಿಡುತ್ತಿತ್ತು. ಅಜ್ಜಿ ಬಿದ್ದು ಬಿದ್ದು ನಗುತ್ತಿದ್ದಳು. "ನನ್ನ ಮಗನ ಬ್ರೇಕು ಸೊಸೆ ಕೈಲಿದೆ ಕಣೋ" ಎನ್ನುವಷ್ಟರಲ್ಲಿ ಡಾಕ್ಟರೇ ಮಾಡಿಕೊಟ್ಟ ಹಲ್ಲಿನ ಸೆಟ್ಟು ಸಡಿಲಾಗಿ, ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.

ಡಾಕ್ಟರು ರಾಜಕೀಯಕ್ಕೆ ಬಂದದ್ದೂ ಆ ಕುರ್ಚಿಯಿಂದಲೇ. ಬಾಯಿ ತೆರೆದು ಮಲಗಿದವರಿಗೆ ಇವರು ಮಾತಾಡುತ್ತಿದ್ದರು. ನೀರಿನ ಬಗ್ಗೆ, ರಸ್ತೆಯ ಬಗ್ಗೆ, ಕಾರ್ಖಾನೆ ಮುಚ್ಚಿದವರ ಬಗ್ಗೆ. ಎದುರು ಮಾತಾಡುವವರಿಲ್ಲದ ಜಾಗದಲ್ಲಿ ಮಾತು ಚೆನ್ನಾಗಿ ಬೆಳೆಯುತ್ತದೆ. ಕುರ್ಚಿಯಿಂದ ಬೀದಿಗೆ, ಬೀದಿಯಿಂದ ನಗರಸಭೆಗೆ, ಅಲ್ಲಿಂದ ಪಕ್ಷದ ದೊಡ್ಡವರ ಕಣ್ಣಿಗೆ. ಈಗ ದೇಶದ ಸಂಸತ್ತಿಗೆ ನಿಂತಿದ್ದರು. ಕ್ಲಿನಿಕ್ಕನ್ನು ಮಗ ನೋಡಿಕೊಳ್ಳುತ್ತಿದ್ದ. ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಒಂದು ಅವನದು, ಇನ್ನೊಂದು ಪಕ್ಷದ್ದು. ಒಂದು ಕಡೆ ಸ್ಪಿರಿಟ್ಟಿನ ವಾಸನೆ, ಇನ್ನೊಂದು ಕಡೆ ಸಿಗರೇಟಿನದು.

ಪಕ್ಷದ ಕೋಣೆಗೆ ಯಜಮಾನ ದವಡೆ. ಹಿಂದೊಮ್ಮೆ ಹೊಡೆದಾಟದಲ್ಲಿ ಇವನ ದವಡೆ ಮುರಿದು ಜೋತಾಡುತ್ತಿದ್ದಾಗ ಡಾಕ್ಟರು ತಂತಿ ಕಟ್ಟಿ ಕೂರಿಸಿದ್ದರು. ಅಂದಿನಿಂದ ಹೆಸರೂ ಅದೇ, ನಿಷ್ಠೆಯೂ ಅದೇ. ಅವನ ಹಿಂದೆ ಹುಡುಗರ ಹಿಂಡು. ಬೆಳಗಾದರೆ ಅಡುಗೆಮನೆಯಲ್ಲಿ ಬ್ರೆಡ್ಡಿನ ಗುಡ್ಡ, ಮೊಟ್ಟೆಯ ಗುಡ್ಡ. ಅಜ್ಜಿ ಗಂಜಿ ಕುಡಿಯುತ್ತ, ಇವರ ಹಸಿವಿಗೆ ದೇಶ ಸಾಕಾಗಲ್ಲ, ಇನ್ನೊಂದು ದೇಶ ನೋಡಬೇಕು ಎಂದು ಗೊಣಗುತ್ತಿದ್ದಳು.

ಮೊದಲ ಏಟು ಬಿದ್ದದ್ದು ತಿಂಡಿಯ ಹೊತ್ತಿಗೆ. ಹುಡುಗನೊಬ್ಬ ಭಿತ್ತಿಪತ್ರ ತಲೆಕೆಳಗಾಗಿ ಅಂಟಿಸಿ ಬಂದಿದ್ದ. ಡಾಕ್ಟರು ಎದ್ದು ಅವನ ಕೆನ್ನೆಗೆ ಬಾರಿಸಿದರು. ಮತ್ತೆ ಬಾರಿಸಿದರು. ತುಟಿ ಒಡೆದು ತಟ್ಟೆಯ ಮೇಲೆ ರಕ್ತ ಹನಿಯಿತು. ಮತ್ತೊಮ್ಮೆ ಕೈ ಎತ್ತಿದಾಗ ಡಾಕ್ಟರಮ್ಮನ ಚಮಚ ತಾನಾಗಿಯೇ ತಟ್ಟೆಗೆ ಬಡಿಯಿತು. ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಅಜ್ಜಿ ನಕ್ಕಳು. ದವಡೆ ನಕ್ಕ. ಡಾಕ್ಟರೂ ನಕ್ಕು ಕೈ ಇಳಿಸಿದರು. ಆಮೇಲೆ ಕೈ ತೊಳೆಯುವಲ್ಲಿ ಹೆಂಡತಿಯ ಪಕ್ಕ ನಿಂತು ಮೆಲ್ಲಗೆ ಹೇಳಿದರು.

"ನಾಲ್ಕು ಜನರ ಎದುರಿಗೆ ಅದನ್ನ ಮಾಡಬೇಡ. ನಾನು ನಿನ್ನ ನಾಯಿ ಅಲ್ಲ."

ಆ ವಾರವೇ ಗೋಡೆ ಬರೆಯುವ ಪೇಂಟರ್ ಕ್ಲಿನಿಕ್ಕಿಗೆ ಬಂದ. ಬಂದ ಎನ್ನುವುದಕ್ಕಿಂತ, ಅವನ ಹೆಂಡತಿ ಭುಜಕ್ಕೆ ಒರಗಿಸಿಕೊಂಡು ತಂದಳು. ಎದುರು ಪಕ್ಷದವರು ಹೇಳಿದ್ದಕ್ಕೆ, ಸೇತುವೆಯ ಗೋಡೆಯ ಮೇಲಿದ್ದ ಡಾಕ್ಟರ ಮುಖಕ್ಕೆ ಸುಣ್ಣ ಬಳಿದಿದ್ದ. ಅವಳ ಕೈಯಲ್ಲಿ ಒಂದು ಲೋಟ ಹಾಲು, ಹಾಲಿನಲ್ಲಿ ಅವನ ಮೇಲಿನ ಎರಡು ಮುಂಭಾಗದ ಹಲ್ಲು. ಬಿದ್ದ ಹಲ್ಲನ್ನು ಹಾಲಿನಲ್ಲಿ ಹಾಕಿ ತಂದರೆ ಮತ್ತೆ ಕೂರಿಸಬಹುದೆಂದು ಡಾಕ್ಟರೇ ಹಿಂದೆ ಶಾಲೆ ಶಾಲೆಗೆ ಹೋಗಿ ಹೇಳಿದ್ದರು. ಅದನ್ನು ಅವಳು ಮರೆತಿರಲಿಲ್ಲ.

ಸಹಾಯಕ್ಕಿದ್ದ ಹುಡುಗಿ ಪಕ್ಷದವರ ಕಾಟಕ್ಕೆ ಕೆಲಸ ಬಿಟ್ಟಿದ್ದರಿಂದ ಡಾಕ್ಟರಮ್ಮನೇ ಟ್ರೇ ಹಿಡಿದಳು. ಮಗ ಹಲ್ಲುಗಳನ್ನು ಬೇರಿಗೆ ಬೆರಳು ತಾಗದಂತೆ ಎತ್ತಿ, ತೊಳೆದು, ಗೂಡಿಗೆ ಒತ್ತಿದ. ಪೇಂಟರ್‌ನ ಎಡಗೈ ಎದ್ದಿತು. ಟಿಣ್ ಟಿಣ್. ಮಗನ ಕೈ ನಿಂತಿತು. ಎಡಗೈ ಇಳಿಯಿತು; ಮತ್ತೆ ಒತ್ತಿದ. ತೆಳು ತಂತಿ ಕಟ್ಟಿ ಮುಗಿಸುವಾಗ ಮಧ್ಯಾಹ್ನವಾಗಿತ್ತು.

ಬಿದ್ದೆಯಾ ಎಂದು ಮಗ ಕೇಳಿದ. ಪೇಂಟರ್ ಅವನ ಕಡೆ ನೋಡದೆ ಡಾಕ್ಟರಮ್ಮನ ಕಡೆ ತಿರುಗಿದ. ದವಡೆಯ ಹುಡುಗರು ಹಿಡಿದುಕೊಂಡಿದ್ದರಂತೆ, ದವಡೆ ಸುತ್ತಿಗೆಯ ಹಿಡಿಯಿಂದ ಹೊಡೆದನಂತೆ. ಡಾಕ್ಟರು ಕಾರಿಗೆ ಒರಗಿ ನಿಂತಿದ್ದರಂತೆ. ಮುಗಿದ ಮೇಲೆ ಹತ್ತಿರ ಬಂದು, ಬಾಯಿ ಬಿಡಿಸಿ ನೋಡಿ, ಎರಡೇ ಹೋಗಿವೆ, ಉಳಿದದ್ದು ಗಟ್ಟಿ ಇದೆ ಅಂದರಂತೆ.

"ಚಿಕ್ಕೋನಿದ್ದಾಗ ಇದೇ ಕುರ್ಚಿಲಿ ಹಲ್ಲು ಕೀಳಿಸ್ಕೊಂಡಿದ್ದೆ ಅಮ್ಮ. ಅದೇ ನೆನಪಾಗಿ, ಹೊಡೀತಿದ್ದಾಗ ಎಡಗೈ ಎತ್ತಿದೆ. ಅವ್ರು ನೋಡಿದ್ರು. ಪಕ್ಕದಲ್ಲಿ ನೀವಿರ್ಲಿಲ್ಲ, ಅಷ್ಟೆ."

ಸಂಜೆಯ ಊಟಕ್ಕೆ ಮಾಂಸ ಬೇಯಿಸಿದ್ದರು. ಡಾಕ್ಟರು ಮೂಳೆಯಿಂದ ಮಾಂಸ ಬಿಡಿಸುತ್ತ, ಪೇಂಟರ್ ಏಣಿಯಿಂದ ಬಿದ್ದನಂತೆ, ಪಾಪ, ಎಂದರು. ಪೊಲೀಸರು ಬಂದು ಕೇಳಿದರೆ ಹಾಗೇ ಹೇಳು ಎಂದು ಮಗನಿಗೆ ನೀರು ಬಗ್ಗಿಸಿಕೊಟ್ಟರು.

"ಬಿದ್ದೋನು ಮೊದ್ಲು ಕೈ ಊರ್ತಾನೆ" ಅಂದ ಮಗ. "ಅಂಗೈ ತರಚತ್ತೆ, ಗದ್ದ ತರಚತ್ತೆ. ಇವನ ಅಂಗೈಲಿ ಬಣ್ಣ ಬಿಟ್ರೆ ಏನೂ ಇಲ್ಲ. ಗದ್ದ ನುಣ್ಣಗಿದೆ. ಬಿದ್ದದ್ದೋ ಹೊಡೆದದ್ದೋ ಅಂತ ಗದ್ದ ನೋಡಿ ಹೇಳು ಅಂತ ನೀವೇ ಕಲಿಸಿದ್ದಪ್ಪ."

"ಕಲಿಸಿದ್ದೂ ನಾನೇ. ಈಗ ಮರೆತುಬಿಡು ಅಂತಿರೋದೂ ನಾನೇ."

"ಮರೆಯೋದು ಹೇಗೆ ಅಂತ ಕಲಿಸಿಲ್ವಲ್ಲ."

ತಟ್ಟೆ ಹಾರಿ ಗೋಡೆಗೆ ಬಡಿಯಿತು. ಅಜ್ಜಿ ತನ್ನ ಹಲ್ಲಿನ ಸೆಟ್ಟನ್ನು ತೆಗೆದು ನೀರಿನ ಬಟ್ಟಲಿಗೆ ಹಾಕಿದಳು. ಇನ್ನು ಈ ಮೇಜಿನಲ್ಲಿ ತನಗೆ ಊಟವೂ ಬೇಡ, ಮಾತೂ ಬೇಡ ಎಂಬುದಕ್ಕೆ ಅವಳ ಹಳೆಯ ಗುರುತು ಅದು. ಡಾಕ್ಟರಮ್ಮ ಗೋಡೆ ಒರೆಸಿದಳು.

ಆಮೇಲಿನ ವಾರಗಳಲ್ಲಿ ಮನೆಯ ಒಂದು ಕೋಣೆ ಇನ್ನೊಂದರ ಮೇಲೆ ಯುದ್ಧ ಸಾರಿತು. ದವಡೆಯ ಹುಡುಗರು ಕ್ಲಿನಿಕ್ಕಿನ ಬಾಗಿಲಲ್ಲೇ ಬೀಡುಬಿಟ್ಟರು. ಹಲ್ಲು ನೋವೆಂದು ಬಂದವರು ಅವರ ಮುಖ ನೋಡಿಯೇ ವಾಪಸಾದರು. ಒಂದು ಬೆಳಿಗ್ಗೆ ಕುರ್ಚಿಯ ಹೊದಿಕೆ ಉದ್ದಕ್ಕೂ ಸೀಳಿತ್ತು. ಮಗ ದಪ್ಪ ಸೂಜಿ ತಂದು ಹೊಲಿದ. ಇನ್ನೊಂದು ದಿನ ಹುಡುಗರು ಅವನನ್ನು ಮಾರುಕಟ್ಟೆಯ ಹಿಂದೆ ತಡೆದು ಹೊಟ್ಟೆಗೆ ಗುದ್ದಿ, ತರಕಾರಿ ಚೀಲವನ್ನು ಚರಂಡಿಗೆ ಸುರಿದರು. ಅವತ್ತು ದವಡೆ ತಾನೇ ಹಣ್ಣು ತಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಹುಡುಗರು ಆಳು ನೋಡದೆ ಕೈ ಮಾಡಿದರೆಂದೂ ಮರಿ ಡಾಕ್ಟರೆಂದರೆ ತನಗೆ ಒಡಹುಟ್ಟಿದ ತಮ್ಮನ ಹಾಗೆಂದೂ ಹೇಳಿ, ಒಂದು ಮಾತು ನೀವು ಬುದ್ಧಿ ಹೇಳಿದರೆ ಎಲ್ಲ ಸರಿಹೋಗುತ್ತದೆ ಅಮ್ಮಾವ್ರೆ ಎಂದ. ಡಾಕ್ಟರಮ್ಮ ಮಗನಿಗೆ ಬುದ್ಧಿ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ಅವಳಿಗಿದ್ದ ಚಿಂತೆ ಒಂದೇ: ಈ ಜಗಳದಲ್ಲಿ ಮಗ ಜೀವಸಹಿತ ಉಳಿಯಬೇಕು.

ಮತದಾನಕ್ಕೆ ಇನ್ನು ಕೆಲವೇ ದಿನ ಇರುವಾಗ ಮಗ ಠಾಣೆಗೆ ಹೋಗಿ, ಪೇಂಟರ್‌ನ ಹಲ್ಲು ಹೊಡೆತದಿಂದ ಹೋದದ್ದು, ಬಿದ್ದು ಹೋದದ್ದಲ್ಲ ಎಂದು ಹೇಳಿಕೆ ಕೊಟ್ಟು ಬಂದ. ಅವನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು.

ಅವನು ಕ್ಲಿನಿಕ್ಕಿನಲ್ಲಿ ಬಿಳಿ ಕೋಟು ಹಾಕಿಕೊಳ್ಳುತ್ತಿದ್ದ. ಡಾಕ್ಟರಮ್ಮ ಕುದಿಸಿದ ಸಾಮಾನುಗಳನ್ನು ಟ್ರೇಗೆ ಜೋಡಿಸುತ್ತಿದ್ದಳು. ಡಾಕ್ಟರು ಒಳಗೆ ಬಂದು ಬಾಗಿಲು ಹಾಕಿದರು. ಬೈಯಲಿಲ್ಲ. ಮಗನ ಕೊರಳುಪಟ್ಟಿ ಹಿಡಿದು ಕುರ್ಚಿಗೆ ತಳ್ಳಿ, ಕಾಲಿನಿಂದ ಅದರ ಬುಡದ ಹಿಡಿಯನ್ನು ಒದ್ದರು. ಕುರ್ಚಿ ಹಿಂದಕ್ಕೆ ಮಲಗಿತು. ಎದೆಯ ಮೇಲೆ ಮೊಣಕಾಲು ಊರಿದರು, ಎಡ ಮೊಣಕೈಯನ್ನು ಗಂಟಲಿಗೆ ಅಡ್ಡ ಒತ್ತಿದರು. ಹಠ ಹಿಡಿದ ದವಡೆ ಹಲ್ಲನ್ನು ಕೀಳುವಾಗ ಅವರು ನಿಲ್ಲುತ್ತಿದ್ದ ಭಂಗಿ ಅದು. ಬಲ ಮುಷ್ಟಿ ಬಾಯಿಯ ಮೇಲೆ ಬಿತ್ತು.

"ಬಿದ್ದ ಅನ್ನು."

ಮತ್ತೆ ಬಿತ್ತು. ತುಟಿ ಹರಿದು ಹಲ್ಲಿಗೆ ಅಂಟಿತು.

"ಏಣಿಯಿಂದ ಬಿದ್ದ ಅನ್ನು. ಅಂದ್ರೆ ಬಿಡ್ತೀನಿ."

ಮೂಗಿನಿಂದ ಬಂದ ರಕ್ತ ಗಂಟಲಿಗಿಳಿದು ಮಗನಿಗೆ ಉಸಿರು ಕಟ್ಟುತ್ತಿತ್ತು. ಮುಖ ಕಪ್ಪಿಟ್ಟಿತು. ಡಾಕ್ಟರಮ್ಮ ಗಂಡನ ಅಂಗಿ ಹಿಡಿದು ಎಳೆದಳು; ಅವರು ಒಂದೇ ಕೊಡವಿಗೆ ಅವಳನ್ನು ಗೋಡೆಗೆ ಎಸೆದರು. ಅವಳು ಏಳುವಾಗ ಮಗನ ಎಡಗೈ ಕುರ್ಚಿಯ ತೋಳಿನಿಂದ ಎದ್ದದ್ದು ಕಂಡಿತು. ಬಾಯಿಗನ್ನಡಿ ಕೈಗೆ ಸಿಕ್ಕಿತು. ಟಿಣ್ ಟಿಣ್.

ಮುಷ್ಟಿ ಗಾಳಿಯಲ್ಲಿ ನಿಂತಿತು.

ಡಾಕ್ಟರಿಗೇ ಅಚ್ಚರಿಯಾದಂತೆ ಅವರು ತಮ್ಮ ಮುಷ್ಟಿಯನ್ನು ನೋಡಿದರು. ಅಷ್ಟು ಹೊತ್ತು ಮಗನಿಗೆ ಸಾಕಾಯಿತು. ಪಕ್ಕದ ಕಟ್ಟೆಯ ಮೇಲೆ ಹಲ್ಲಿನ ಸೆಟ್ಟಿನ ಅಚ್ಚು ಬಿಗಿಯುವ ಕಬ್ಬಿಣದ ಕ್ಲಾಂಪ್ ಇತ್ತು, ಎರಡು ಇಟ್ಟಿಗೆಯಷ್ಟು ತೂಕದ್ದು. ಅದನ್ನೆತ್ತಿ ಅಪ್ಪನ ಕಿವಿಯ ಬುಡಕ್ಕೆ ಹೊಡೆದ. ಡಾಕ್ಟರು ನೆಲಕ್ಕುರುಳಿದರು. ಮಗ ಕುರ್ಚಿಯಿಂದ ಇಳಿದು ಅವರ ಬಲ ಮಣಿಕಟ್ಟನ್ನು ಮೆಟ್ಟಿ ನಿಂತ. ಕ್ಲಾಂಪ್ ಎತ್ತಿದ. ನೆಲದ ಮೇಲಿಂದ ಡಾಕ್ಟರ ಎಡಗೈ ಎದ್ದಿತು.

ಡಾಕ್ಟರಮ್ಮ ನೋಡಿದಳು. ಟ್ರೇ ಕೈಯಲ್ಲೇ ಇತ್ತು. ಕನ್ನಡಿಯೂ ಇತ್ತು.

ಕ್ಲಾಂಪ್ ಬಲಗೈಯ ಮೇಲೆ ಬಿತ್ತು. ಒಣ ಕಡ್ಡಿಯ ಕಟ್ಟು ಮುರಿದಂತೆ ಸದ್ದಾಯಿತು.

ಆಗ ಬಡಿದಳು. ಮಗನ ಕೈ ನಿಂತಿತು.

ಹೊರಗೆ ದವಡೆ ಬಾಗಿಲು ಒದೆಯುತ್ತಿದ್ದ. ಡಾಕ್ಟರಮ್ಮ ಕ್ಲಾಂಪನ್ನು ಕಿತ್ತು ಕಸದ ಡಬ್ಬಕ್ಕೆ ಹಾಕಿ, ಹತ್ತಿಯ ಉಂಡೆ ಮಾಡಿ ಮಗನ ಬಾಯಿಗೆ ತುರುಕಿದಳು. "ಕಚ್ಕೋ. ಬಿಡಬೇಡ. ಮಾತಾಡಬೇಡ" ಎಂದಳು. ಹಲ್ಲು ಕಿತ್ತ ಮೇಲೆ ಪ್ರತಿಯೊಬ್ಬರಿಗೂ ಅವಳು ಹೇಳುತ್ತಿದ್ದ ಮಾತು. ಮಗ ಕಚ್ಚಿಕೊಂಡ. ಹಿಂದಿನ ಬಾಗಿಲು ತೆಗೆದಿಟ್ಟು, ಮುಂದಿನ ಬಾಗಿಲಿನ ಚಿಲಕ ತೆಗೆದಳು.

"ಯಾರು ಅಮ್ಮಾವ್ರೆ?" ದವಡೆ ಒಳಗೆ ನುಗ್ಗಿ ಕೇಳಿದ.

"ಯಾರೋ ಹೊರಗಿನೋನು. ಇಬ್ಬರನ್ನೂ ಹೊಡೆದು ಹಿಂದಿನಿಂದ ಓಡಿಹೋದ."

ಡಾಕ್ಟರು ನೆಲದಿಂದ ಹೆಂಡತಿಯನ್ನು ನೋಡಿದರು, ಮಗನನ್ನು ನೋಡಿದರು. ಲೆಕ್ಕ ಹಾಕುವುದಕ್ಕೆ ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಪೇಂಟರ್" ಅಂದರು.

ಮನೆಯಲ್ಲಿ ಇಲ್ಲದ ಒಬ್ಬ ಮನುಷ್ಯನನ್ನು ಡಾಕ್ಟರಮ್ಮ ಹುಟ್ಟಿಸಿದ್ದಳು. ಗಂಡ ಅವನಿಗೊಂದು ಮುಖ ಕೊಟ್ಟರು. ಅಲ್ಲ ಎನ್ನಲು ಅವಳಿಗೆ ಅರ್ಧ ನಿಮಿಷವಿತ್ತು. ಅವಳು ಮಗನ ಬಾಯಿಯ ಹತ್ತಿ ಬದಲಿಸುತ್ತಿದ್ದಳು.

ಪೇಂಟರ್ ಊರಲ್ಲಿರಲಿಲ್ಲ. ಹೆದರಿ ಯಾರ ಮನೆಯಲ್ಲೋ ಅಡಗಿದ್ದ. ಪೊಲೀಸರು ಬಂದಾಗ ಡಾಕ್ಟರಮ್ಮ ಅದೇ ಮಾತನ್ನು ಮತ್ತೆ ಹೇಳಿದಳು. ಡಾಕ್ಟರು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಆಸ್ಪತ್ರೆಯಿಂದ ಬಂದು ಜಗಲಿಯಲ್ಲಿ ಕೂತರು. ಅವರ ಕೈ ನೋಡಲು ಊರಿಗೆ ಊರೇ ಬಂತು. ಒಳಗೆ ಮಗ ಹೊಲಿಗೆ ಹಾಕಿದ ತುಟಿಯಲ್ಲಿ ಮಾತಾಡಲಾರದೆ ಮಲಗಿದ್ದ. ಅಮ್ಮ ಚಮಚದಲ್ಲಿ ಸೂಪು ಕೊಟ್ಟರೆ ನುಂಗುತ್ತಿದ್ದ. ಒಮ್ಮೆ ಕಷ್ಟಪಟ್ಟು, ಅವನು ಸಿಕ್ಕರೆ ಏನು ಮಾಡುತ್ತಾರೆ ಎಂದು ಕೇಳಿದ. ಸಿಗುವುದಿಲ್ಲ ಬಿಡು ಎಂದಳು.

ಒಂದು ಮಧ್ಯಾಹ್ನ ಸಿಕ್ಕ.

ಅಡುಗೆಮನೆಯ ಕಿಟಕಿಯಿಂದ ಮೊದಲು ಅವಳಿಗೆ ಜನ ಕಂಡರು, ಆಮೇಲೆ ಅವರ ಮಧ್ಯೆ ಎಳೆದು ತರುತ್ತಿದ್ದ ಬಣ್ಣ ಮೆತ್ತಿದ ಅಂಗಿ. ಗೇಟಿನ ಒಳಗೇ ಶುರುಮಾಡಿದರು. ಕೋಲು, ಕಾಲು, ಕುರ್ಚಿಯ ಮುರುಕು, ಸಿಕ್ಕಿದ್ದರಲ್ಲಿ. ಮಗ ಕೂರಿಸಿ ತಂತಿ ಕಟ್ಟಿದ್ದ ಎರಡು ಹಲ್ಲು ಮೊದಲ ಏಟಿಗೇ ಹೋಗಿರಬೇಕು. ಬಗ್ಗಿದ ಬೆನ್ನುಗಳ ಮಧ್ಯದಿಂದ ಒಂದು ಕೈ ಎದ್ದಿತು. ಎಡಗೈ.

ಅವಳು ಕೈಯಲ್ಲಿದ್ದ ಬಾಣಲೆಯನ್ನು ಸೌಟಿನಿಂದ ಬಡಿದಳು. ಗುಂಪಿನಲ್ಲಿ ಒಬ್ಬನೂ ತಿರುಗಲಿಲ್ಲ. ತಿರುಗಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಜಗಲಿಯಲ್ಲಿ ಡಾಕ್ಟರು ಎಡಗೈಯಲ್ಲಿ ಚಹಾ ಕುಡಿಯುತ್ತಿದ್ದರು. ಆ ಕಪ್ಪು ತುಟಿಯ ಹತ್ತಿರ ಹೋಗಿ ನಿಂತಿತು. ಅವಳು ಇನ್ನೊಮ್ಮೆ ಬಡಿದಳು. ಕಪ್ಪು ಅಲುಗಲಿಲ್ಲ. ಚಹಾ ಸ್ವಲ್ಪ ತುಳುಕಿ ಅವರ ಬೆರಳ ಮೇಲೆ ಬಿತ್ತು. ಅವರು ಕಿಟಕಿಯ ಕಡೆ ತಿರುಗಿ, ಹೆಂಡತಿಯನ್ನೇ ನೋಡುತ್ತ, ಕೈಯನ್ನು ಮೆಲ್ಲಗೆ, ಭಾರದ ವಸ್ತು ಎತ್ತುವವರ ಹಾಗೆ, ಬಾಯಿಗೆ ತಂದು ಚಹಾ ಕುಡಿದರು.

ಬಾಣಲೆ ಎಸೆದು ಅವಳು ಅಂಗಳಕ್ಕೆ ಓಡಿದಳು. ಬೆನ್ನುಗಳನ್ನು ಉಗುರಿನಿಂದ ಪರಚಿದಳು. ಒಂದು ಕೋಲು ಅವಳ ಭುಜಕ್ಕೂ ಬಿತ್ತು.

"ಇವನಲ್ಲ. ಕೈ ಮುರಿದೋನು ನನ್ನ ಮಗ. ನನ್ನ ಕಣ್ಣೆದುರಿಗೇ. ಹೊರಗಿನೋರು ಯಾರೂ ಬಂದಿಲ್ಲ, ನಾನು ಸುಳ್ಳು ಹೇಳಿದ್ದು."

ದವಡೆ ಅವಳ ಕೈಯನ್ನು ಬಲು ಮರ್ಯಾದೆಯಿಂದ ಹಿಡಿದುಕೊಂಡ. ಅವನ ಕೆನ್ನೆಯ ಮೇಲೆ ಬೇರೆಯವನ ರಕ್ತ ಎರಚಿತ್ತು.

"ಅಮ್ಮಾವ್ರಿಗೆ ಗಾಬರಿಯಾಗಿದೆ. ಒಳಗೆ ಕರ್ಕೊಂಡು ಹೋಗಿ, ನೀರು ಕೊಡಿ."

ಎದ್ದ ಎಡಗೈ ಅಷ್ಟರಲ್ಲಿ ಇಳಿದಿತ್ತು. ಅದರ ಬೆರಳುಗಳ ಸಂದಿಯಲ್ಲಿ ಬಿಳಿ ಸುಣ್ಣ ಮೆತ್ತಿತ್ತು. ಮರುದಿನ ಪೇಂಟರ್ ಆಸ್ಪತ್ರೆಯಲ್ಲಿ ಸತ್ತ.

ಮಗ ಕಸದ ಡಬ್ಬದಿಂದ ಕ್ಲಾಂಪನ್ನು ತೆಗೆದು ಕಾಗದದಲ್ಲಿ ಸುತ್ತಿಕೊಂಡು ಠಾಣೆಗೆ ಹೋದ. ಡಾಕ್ಟರಮ್ಮನೂ ಹೋದಳು. ಇನ್ಸ್‌ಪೆಕ್ಟರ್ ಇಬ್ಬರಿಗೂ ಚಹಾ ತರಿಸಿ, ತನ್ನ ಹೆಂಡತಿಯ ಹಲ್ಲನ್ನು ಡಾಕ್ಟರು ಹೇಗೆ ಒಂಚೂರೂ ನೋವಾಗದಂತೆ ಕಿತ್ತರೆಂದು ಹೇಳಿದ. ಹೊಡೆದವನು ಸತ್ತ, ಹೊಡೆಸಿಕೊಂಡವರು ಹೇಳಿಕೆ ಕೊಟ್ಟಿದ್ದಾರೆ, ನೀವೂ ಅವತ್ತು ಕೊಟ್ಟಿದ್ದೀರಿ ಅಮ್ಮ, ಇನ್ನೇನು ಉಳಿದಿದೆ ಎಂದ. ಸತ್ತವನನ್ನು ಯಾರು ಕೊಂದರೆಂದು ಮಗ ಕೇಳಿದಾಗ, ಜನ ಎಂದ. ಜನರನ್ನು ಹಿಡಿದು ತರುವುದು ಎಲ್ಲಿಗೆ?

ಜನರೇ ಡಾಕ್ಟರನ್ನು ಗೆಲ್ಲಿಸಿದರು. ಅವರು ದೇಶದ ರಾಜಧಾನಿಗೆ ಹೋದರು, ದವಡೆ ಅವರ ಪೆಟ್ಟಿಗೆ ಹೊತ್ತು ಹೋದ. ಮನೆಯ ಮುಂದಿನ ಎರಡೂ ಕೋಣೆಗಳು ಖಾಲಿಯಾದವು. ಅಡುಗೆಮನೆಯಲ್ಲಿ ಬ್ರೆಡ್ಡು ಉಳಿದು ಬೂಷ್ಟು ಹಿಡಿಯಿತು. ಡಾಕ್ಟರಮ್ಮ ಎರಡು ಸಲ ಪೇಂಟರ್‌ನ ಹೆಂಡತಿಯ ಮನೆಗೆ ಹೋದಳು. ಮೊದಲ ಸಲ ಅವಳು ಬಾಗಿಲು ತೆರೆಯಲಿಲ್ಲ. ಎರಡನೆಯ ಸಲ ತೆರೆದು, ಹಾಲಿನ ಆ ಲೋಟ ನಿಮ್ಮಲ್ಲೇ ಉಳಿದಿದೆ, ಕೊಡಿ ಎಂದಳು. ಡಾಕ್ಟರಮ್ಮ ಅದನ್ನು ತಂದಿರಲಿಲ್ಲ.

ಪ್ರಮಾಣವಚನದ ಬೆಳಿಗ್ಗೆ ಟೀವಿ ಹಚ್ಚಿದ್ದು ಅಜ್ಜಿ. ಮಗ ನೋಡುವುದಿಲ್ಲವೆಂದು ಎದ್ದವನು ಬಾಗಿಲಲ್ಲೇ ನಿಂತ. ದೊಡ್ಡ ಸಭಾಂಗಣ, ಒಬ್ಬೊಬ್ಬರಾಗಿ ಬಂದು ಬಲಗೈ ಎತ್ತಿ ಪ್ರಮಾಣ ಮಾಡುತ್ತಿದ್ದರು. ಡಾಕ್ಟರ ಸರದಿ ಬಂತು. ಬಲಗೈ ಕೊರಳಿಗೆ ಕಟ್ಟಿದ ಬಿಳಿ ಪಟ್ಟಿಯಲ್ಲಿ ಮಲಗಿತ್ತು. ಅದು ಇನ್ನು ಇಕ್ಕಳ ಹಿಡಿಯುವ ಕೈಯಲ್ಲ. ದೇಶಕ್ಕಾಗಿ ಕೈ ಕಳೆದುಕೊಂಡವರು ಎಂದು ಟೀವಿಯವನು ಗದ್ಗದನಾದ. ಡಾಕ್ಟರು ಎಡಗೈ ಎತ್ತಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಡಾಕ್ಟರಮ್ಮ ಅತ್ತೆಗೆ ಗಂಜಿ ಕುಡಿಸುತ್ತಿದ್ದಳು. ಒಂದು ಕೈಯಲ್ಲಿ ಸ್ಟೀಲ್ ಬಟ್ಟಲು, ಇನ್ನೊಂದರಲ್ಲಿ ಚಮಚ. ಅಜ್ಜಿ ಹಲ್ಲಿನ ಸೆಟ್ಟು ಹಾಕಿಕೊಂಡಿರಲಿಲ್ಲ. ಮಾತು ಗಾಳಿಯಾಗಿ ಬಂತು.

"ನಿನ್ನ ಗಂಡ ಎಡಗೈ ಎತ್ತಿದ ನೋಡೇ. ಬಡಿಯಲ್ವಾ?"

ಬಾಗಿಲಲ್ಲಿದ್ದ ಮಗ ಅಮ್ಮನ ಕೈಯನ್ನೇ ನೋಡಿದ. ಅವಳು ಟೀವಿಯ ಮೇಲಿದ್ದ ಆ ಕೈಯನ್ನು, ಹಿಂದೆ ಎಷ್ಟೋ ಕೈಗಳನ್ನು ನೋಡಿದ ಹಾಗೆ, ಬೆರಳು, ಮಣಿಕಟ್ಟು, ಉಗುರಿನ ಬಣ್ಣವೆಲ್ಲ ಸೇರಿಸಿ ಕಣ್ಣಿಟ್ಟು ನೋಡಿದಳು. ಆಮೇಲೆ ಚಮಚದಲ್ಲಿದ್ದ ಗಂಜಿಯನ್ನು ಅತ್ತೆಯ ಬಾಯಿಗೆ ಇಟ್ಟಳು.

"ಅವರಿಗೆ ನೋವಾಗ್ತಿಲ್ಲ ಅತ್ತೆ."